ಶೇಕಡಾ ನೂರು, ಆದರೆ ಯಾವುದರ ಮೇಲೆ?

1610ರಲ್ಲಿ ಆಮ್‌ಸ್ಟರ್‌ಡಾಮ್ ನಗರದ ಷೇರುದಾರರಿಗೆ ಅವರ ಕಂಪನಿ ಒಂದು ಸಿಹಿ ಸುದ್ದಿ ಕೊಟ್ಟಿತು. ಎಂಟು ವರ್ಷ ಕಾದದ್ದಕ್ಕೆ ಈಗ ಶೇಕಡಾ 75ರಷ್ಟು ಲಾಭಾಂಶ. ಆದರೆ ಹಣದ ರೂಪದಲ್ಲಲ್ಲ, ಜಾಪತ್ರೆಯ ರೂಪದಲ್ಲಿ! ಜಾಯಿಕಾಯಿಯ ಮೇಲಿನ ಆ ಕೆಂಪು ಹೊದಿಕೆಗೆ ಯೂರೋಪಿನಲ್ಲಿ ಆಗ ಒಳ್ಳೆಯ ಬೆಲೆಯಿತ್ತು ನಿಜ. ಆದರೆ ಊರಿನವರೆಲ್ಲ ಏಕಕಾಲಕ್ಕೆ ಜಾಪತ್ರೆಯ ಮೂಟೆ ಹೊತ್ತು ಮಾರಲು ಹೊರಟರೆ ಕೊಳ್ಳುವವರು ಯಾರು? ಎಲ್ಲ ಷೇರುದಾರರೂ ಇದಕ್ಕೆ ಒಪ್ಪಲಿಲ್ಲ. ಅದೇ ವರ್ಷದ ಕೊನೆಗೆ ಕಂಪನಿ ಶೇಕಡಾ 50ನ್ನು ಕಾಳುಮೆಣಸಿನಲ್ಲಿಯೂ ಶೇಕಡಾ 7.5ನ್ನು ನಗದಿನಲ್ಲಿಯೂ ಕೊಡುವುದಾಗಿ ಸಾರಿತು.

ಇದು 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಕಥೆ. ಸಾರ್ವಜನಿಕರಿಂದ ಬಂಡವಾಳ ಎತ್ತಿ, ಷೇರುಗಳನ್ನು ಪೇಟೆಯಲ್ಲಿ ಕೈಯಿಂದ ಕೈಗೆ ಮಾರಲು ಅವಕಾಶವಿತ್ತ ಮೊದಲ ದೊಡ್ಡ ಕಂಪನಿಯೆಂದು ಇತಿಹಾಸಕಾರರು ಅದನ್ನು ಗುರುತಿಸುತ್ತಾರೆ. ಜಾಪತ್ರೆಯ ತಮಾಷೆಯ ಹಿಂದೆ ಇಂದಿನ ಹೂಡಿಕೆದಾರನೂ ಗಮನಿಸಬೇಕಾದ ಸಂಗತಿಯೊಂದು ಅಡಗಿದೆ. ಶೇಕಡಾ 75 ಎಂದಾಗ ಅದು ಷೇರಿನ ಮುಖಬೆಲೆಯ ಮೇಲಿನ ಲೆಕ್ಕ. 1602ರಲ್ಲಿ ಸಾವಿರ ಗಿಲ್ಡರ್ ತೊಡಗಿಸಿದವನಿಗೆ ಕಂಪನಿಯೇ ಕಟ್ಟಿದ ಬೆಲೆಯಲ್ಲಿ 750 ಗಿಲ್ಡರಿನ ಜಾಪತ್ರೆ. ಆದರೆ ಪೇಟೆಯಲ್ಲಿ ಷೇರಿನ ಬೆಲೆ ಮುಖಬೆಲೆಗೆ ಕಟ್ಟುಬಿದ್ದು ನಿಲ್ಲುವುದಿಲ್ಲ. ನಿನ್ನೆ ತಾನೇ ಹೆಚ್ಚು ಬೆಲೆ ತೆತ್ತು ಕೊಂಡವನಿಗೆ ಈ ಶೇಕಡಾ 75 ಶೇಕಡಾ 75 ಆಗಿ ಉಳಿಯುವುದೇ ಇಲ್ಲ.

ಹದಿನೆಂಟನೆಯ ಶತಮಾನದ ಹೊತ್ತಿಗೆ ಈ ಅಂತರ ವಿಪರೀತವಾಯಿತು. ಕಂಪನಿಯ ಷೇರು ಹಲವು ಕಾಲ ಮುಖಬೆಲೆಯ ನಾಲ್ಕೈದು ಪಟ್ಟಿಗೂ ಮೇಲೆ ಮಾರುತ್ತಿತ್ತು. ನೂರರ ಮುಖಬೆಲೆಗೆ ಇಪ್ಪತ್ತು ಲಾಭಾಂಶ ಎಂದರೆ ಕೇಳಲು ಶೇಕಡಾ 20. ಐನೂರು ಕೊಟ್ಟು ಕೊಂಡವನ ಪಾಲಿಗೆ ಅದು ಶೇಕಡಾ 4. ಈ ಎರಡನೆಯ ಲೆಕ್ಕವೇ ಲಾಭಾಂಶದ ಇಳುವರಿ. ಒಂದು ಷೇರಿಗೆ ವರ್ಷದಲ್ಲಿ ಬರುವ ಲಾಭಾಂಶವನ್ನು ಆ ಷೇರಿನ ಪೇಟೆ ಬೆಲೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಆಯಿತು. ಮೂರನೆಯ ತರಗತಿಯ ಹುಡುಗ ಮಾಡಬಹುದಾದ ಲೆಕ್ಕ. ಆದರೂ ನಾನೂರು ವರ್ಷಗಳಿಂದ ಬುದ್ಧಿವಂತರೇ ಇದರಲ್ಲಿ ಎಡವಿದ್ದಾರೆ. ಇಳುವರಿ ಎಂಬುದು ಹೊಲಗದ್ದೆಗೆ ಸೇರಿದ ಪದ. ಷೇರಿಗೂ ಅದನ್ನೇ ಅಂಟಿಸಿದ್ದು ಸರಿಯಾಗಿಯೇ ಇದೆ. ಎಷ್ಟು ಮೂಟೆ ಭತ್ತ ಬಂತು ಎನ್ನುವುದಷ್ಟೇ ಅಲ್ಲ, ಎಷ್ಟು ಎಕರೆಯಲ್ಲಿ ಎಂದೂ ರೈತ ಕೇಳುತ್ತಾನೆ.

ಈ ಪ್ರಶ್ನೆಯನ್ನು ಕೇಳದವರಿಗೆ ಏನಾಗುತ್ತದೆಂಬುದನ್ನು 1720ರ ಲಂಡನ್ ತೋರಿಸಿತು. ಸೌತ್ ಸೀ ಕಂಪನಿಯ ನೂರು ಪೌಂಡಿನ ಷೇರು ಆ ಬೇಸಿಗೆಯಲ್ಲಿ ಸಾವಿರದ ಆಸುಪಾಸಿಗೆ ಏರಿತ್ತು. ಬೆಲೆ ಜಾರತೊಡಗಿದಾಗ ನಿರ್ದೇಶಕರು ಮುಂದಿನ ಹಲವು ವರ್ಷ ಶೇಕಡಾ 50ಕ್ಕೆ ಕಡಿಮೆಯಿಲ್ಲದ ಲಾಭಾಂಶ ಕೊಡುವುದಾಗಿ ಘೋಷಿಸಿದರು. ಐವತ್ತು! ಆದರೆ ಸಾವಿರ ಪೌಂಡ್ ಸುರಿದವನಿಗೆ ಅದು ನೂರಕ್ಕೆ ಐದು ಮಾತ್ರ. ಆ ಐದನ್ನಾದರೂ ತರುವಷ್ಟು ವ್ಯಾಪಾರ ಕಂಪನಿಗಿರಲಿಲ್ಲ. ಘೋಷಣೆ ಜನರನ್ನು ಹಿಡಿದು ನಿಲ್ಲಿಸುವ ಬದಲು ಲೆಕ್ಕ ಹಾಕಲು ಹಚ್ಚಿತು. ವರ್ಷ ಮುಗಿಯುವ ಮೊದಲೇ ಗುಳ್ಳೆ ಒಡೆಯಿತು.

ನಮ್ಮಲ್ಲಿ

ಭಾರತದ ಕಂಪನಿಗಳು ಈ ಡಚ್ಚರ ಪದ್ಧತಿಯನ್ನು ಬಹುಕಾಲ ಬಿಡಲಿಲ್ಲ. ಮುಂಬಯಿಯ ಷೇರುಪೇಟೆ 1875ರಷ್ಟು ಹಳೆಯದು. ಲಾಭಾಂಶವನ್ನು ಮುಖಬೆಲೆಯ ಶೇಕಡಾವಾರಿನಲ್ಲಿ ಸಾರುವ ರೂಢಿ ಇಪ್ಪತ್ತೊಂದನೆಯ ಶತಮಾನಕ್ಕೂ ಬಂತು. ಸರ್ಕಾರವೂ ಇದೇ ಅಳತೆಗೋಲನ್ನು ಬಳಸಿತು. ತೈಲ ಬೆಲೆ ಏರಿ ಹಣದುಬ್ಬರ ಕೈಮೀರಿದ್ದ 1974ರ ಜುಲೈನಲ್ಲಿ ಇಂದಿರಾ ಗಾಂಧಿಯವರ ಸರ್ಕಾರ ಸುಗ್ರೀವಾಜ್ಞೆಯೊಂದರ ಮೂಲಕ ಲಾಭಾಂಶಕ್ಕೆ ಕಡಿವಾಣ ಹಾಕಿತು. ಕಂಪನಿ ತನ್ನ ನಿವ್ವಳ ಲಾಭದ ಮೂರನೆಯ ಒಂದು ಭಾಗ ಅಥವಾ ಮುಖಬೆಲೆಯ ಶೇಕಡಾ 12, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಮಾತ್ರ ಹಂಚಬೇಕು. ಶೇಕಡಾ 12 ಎಂದರೆ ಬಡ್ಡಿಗಿಂತ ಒಳ್ಳೆಯದೇ ಅಲ್ಲವೇ ಎಂದು ಪೇಟೆಯ ಹೊರಗಿನವರಿಗೆ ಅನ್ನಿಸಿರಬಹುದು. ಹತ್ತು ರೂಪಾಯಿಯ ಷೇರನ್ನು ನಲವತ್ತಕ್ಕೆ ಕೊಂಡಿದ್ದವನಿಗೆ ಆ ಹನ್ನೆರಡು ಕೇವಲ ಮೂರು. ಷೇರು ಬೆಲೆಗಳು ಕುಸಿದದ್ದರಲ್ಲಿ ಆಶ್ಚರ್ಯವಿರಲಿಲ್ಲ. ಪಿಂಚಣಿಯಿಲ್ಲದೆ ಲಾಭಾಂಶದ ವಾರಂಟುಗಳನ್ನೇ ನೆಚ್ಚಿಕೊಂಡಿದ್ದ ಕುಟುಂಬಗಳಿಗೆ ಒಂದೇ ಏಟಿನಲ್ಲಿ ಎರಡು ನಷ್ಟ: ವರಮಾನಕ್ಕೂ ಕತ್ತರಿ, ಆಸ್ತಿಗೂ ಕತ್ತರಿ.

1999ರಲ್ಲಿ ಸೆಬಿ, ಷೇರಿನ ಮುಖಬೆಲೆ ಹತ್ತು ಅಥವಾ ನೂರು ರೂಪಾಯಿಯೇ ಆಗಿರಬೇಕೆಂಬ ಕಟ್ಟಳೆಯನ್ನು ಕೈಬಿಟ್ಟಿತು. ಐದು, ಎರಡು, ಒಂದು ರೂಪಾಯಿಯ ಷೇರುಗಳು ಬಂದವು. ಆ ಮೇಲೆ ಶೇಕಡಾವಾರು ಘೋಷಣೆಗೆ ಅರ್ಥವೇ ಉಳಿಯಲಿಲ್ಲ. ಎರಡು ರೂಪಾಯಿ ಮುಖಬೆಲೆಯ ಷೇರಿಗೆ ಶೇಕಡಾ 500 ಲಾಭಾಂಶ ಎಂಬ ತಲೆಬರಹ ಕಣ್ಣು ಕೋರೈಸುತ್ತದೆ. ಕೈಗೆ ಬರುವುದು ಹತ್ತು ರೂಪಾಯಿ. ಪೇಟೆಯಲ್ಲಿ ಅದರ ಬೆಲೆ ಸಾವಿರವಿದ್ದರೆ ಇಳುವರಿ ಶೇಕಡಾ 1. ಅದರ ಪಕ್ಕದಲ್ಲೇ ಹತ್ತು ರೂಪಾಯಿ ಮುಖಬೆಲೆಯ, ಅರವತ್ತು ರೂಪಾಯಿಗೆ ಸಿಗುವ ಷೇರೊಂದು ಶೇಕಡಾ 30 ಎಂದು ಮೆಲ್ಲಗೆ ಹೇಳಿಕೊಂಡಿದ್ದರೆ ಅದರ ಇಳುವರಿ ಶೇಕಡಾ 5. ಕಡೆಗೆ 2009ರಲ್ಲಿ ಸೆಬಿ, ನೋಂದಾಯಿತ ಕಂಪನಿಗಳು ಲಾಭಾಂಶವನ್ನು ಪ್ರತಿ ಷೇರಿಗೆ ಇಂತಿಷ್ಟು ರೂಪಾಯಿ ಎಂದೇ ಪ್ರಕಟಿಸಬೇಕೆಂದು ಆದೇಶಿಸಿತು. 2015ರ ನಿಯಮಾವಳಿಯಲ್ಲಿಯೂ ಅದು ಉಳಿದಿದೆ. ಜಾಪತ್ರೆಯ ಕಾಲದ ಭ್ರಮೆಯೊಂದು ಇಲ್ಲಿ ಕಾನೂನಿನ ಮಟ್ಟಿಗೆ ಮುಗಿಯಲು 399 ವರ್ಷ ಹಿಡಿಯಿತು!

ಮನೆಮನೆಗಳಲ್ಲಿ ಇದರ ಇನ್ನೊಂದು ರೂಪ ಈಗಲೂ ಜೀವಂತವಾಗಿದೆ. ಮೂವತ್ತು ವರ್ಷದ ಹಿಂದೆ ನೂರು ರೂಪಾಯಿಗೆ ಕೊಂಡ ಷೇರಿಗೆ ಈಗ ವರ್ಷಕ್ಕೆ ನಲವತ್ತು ರೂಪಾಯಿ ಬರುತ್ತಿದೆ, ಶೇಕಡಾ 40 ಗಳಿಕೆ ಎಂದು ಹಿರಿಯರು ಹೆಮ್ಮೆಪಡುವುದುಂಟು. ಅಂದು ಆಯ್ಕೆ ಸರಿಯಾಗಿತ್ತು ಎಂಬುದಕ್ಕೆ ಅದು ಪ್ರಮಾಣಪತ್ರ, ಸಂತೋಷ. ಆದರೆ ಷೇರಿನ ಬೆಲೆ ಇಂದು ಎರಡು ಸಾವಿರವಾಗಿದ್ದರೆ, ಅದನ್ನು ಇಟ್ಟುಕೊಳ್ಳಬೇಕೇ ಮಾರಬೇಕೇ ಎಂದು ತೀರ್ಮಾನಿಸಲು ಬೇಕಾದ ಅಂಕಿ ಶೇಕಡಾ 2. ಬಸವನಗುಡಿಯ ಮನೆಯ ಬಾಡಿಗೆಯನ್ನು ತಾತ ಕೊಟ್ಟ ನಿವೇಶನದ ಬೆಲೆಗೆ ಹೋಲಿಸಿ ಬೀಗುವುದೂ ಇದೂ ಒಂದೇ ಜಾತಿಯ ಲೆಕ್ಕ.

ಫಸಲೋ, ಮರವೋ?

ಭಾಗಾಕಾರದ ಕೆಳಗಿನ ಅಂಕಿಯ ಕಥೆ ಹೀಗಾದರೆ, ಮೇಲಿನ ಅಂಕಿಯದು ಇನ್ನೂ ಸೂಕ್ಷ್ಮ. ಹಂಚಿದ ಹಣ ಎಲ್ಲಿಂದ ಬಂತು?

ಡಚ್ ಕಂಪನಿಯ ವಿಷಯಕ್ಕೇ ಮರಳಿದರೆ, 1690ರಿಂದ 1760ರವರೆಗಿನ ಹೆಚ್ಚಿನ ದಶಕಗಳಲ್ಲಿ ಅದು ಗಳಿಸಿದ್ದಕ್ಕಿಂತ ಹಂಚಿದ್ದೇ ಹೆಚ್ಚು ಎಂದು ಅದರ ಲೆಕ್ಕಪತ್ರಗಳನ್ನು ಜಾಲಾಡಿದ ವಿದ್ವಾಂಸರು ತೋರಿಸಿದ್ದಾರೆ. ಏಷ್ಯಾದಲ್ಲಿದ್ದ ಬಂಡವಾಳವನ್ನು ಕರಗಿಸಿ, ಅಲ್ಪಾವಧಿ ಸಾಲ ಎತ್ತಿ ಲಾಭಾಂಶದ ಮರ್ಯಾದೆಯನ್ನು ಕಾಪಾಡಲಾಯಿತು. ಹೊರಗಿನಿಂದ ನೋಡಿದವನಿಗೆ ಇಳುವರಿ ಗಟ್ಟಿಯಾಗಿಯೇ ಕಾಣುತ್ತಿತ್ತು. 1799ರ ಕೊನೆಯ ದಿನ ಕಂಪನಿಯೇ ಇಲ್ಲವಾಯಿತು. ಇಂಗ್ಲೆಂಡಿನಲ್ಲಿ ರೈಲ್ವೆ ದೊರೆಯೆಂದು ಹೆಸರಾಗಿದ್ದ ಜಾರ್ಜ್ ಹಡ್ಸನ್ ಬಂಡವಾಳದ ಹಣದಿಂದಲೇ ಲಾಭಾಂಶ ಹಂಚುತ್ತಿದ್ದುದು 1849ರಲ್ಲಿ ಬಯಲಾಯಿತು. ಮಗನ ಮದುವೆಗೆಂದು ಇಟ್ಟ ಹಣದಲ್ಲೇ ತಿಂಗಳ ದಿನಸಿ ತಂದು ಮನೆ ಸುಭಿಕ್ಷವಾಗಿದೆ ಎಂದಂತೆ.

ವಂಚನೆಯೇ ಇಲ್ಲದೆಯೂ ಇಂಥದು ನಡೆಯಬಹುದು. ಅದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಾಗಿಲ್ಲ, ಕೋಲಾರದ ಚಿನ್ನದ ಗಣಿಗಳಿವೆ. 1873ರಲ್ಲಿ ಮೈಕೆಲ್ ಲಾವೆಲ್ ಎಂಬ ನಿವೃತ್ತ ಸೈನಿಕ ಮೈಸೂರು ಸರ್ಕಾರದ ಅನುಮತಿ ಕೋರಿದ. 1880ರಿಂದ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಗಣಿಗಳ ಆಡಳಿತಕ್ಕೆ ಇಳಿಯಿತು. ಮೊದಲ ಕೆಲವು ವರ್ಷ ಬಂಡವಾಳವೆಲ್ಲ ಕಲ್ಲಿನ ಪಾಲಾಗುವ ಸ್ಥಿತಿಯಿತ್ತು. ಚಾಂಪಿಯನ್ ರೀಫ್ ಎಂದು ಪ್ರಸಿದ್ಧವಾದ ಅದಿರಿನ ಪದರ ಸಿಕ್ಕಮೇಲೆ ಅದೃಷ್ಟ ತಿರುಗಿತು. ಲಂಡನ್ನಿನ ಷೇರುದಾರರಿಗೆ ವರ್ಷವರ್ಷವೂ ಲಾಭಾಂಶ ಹರಿಯಿತು. ಮೈಸೂರು ಸರ್ಕಾರಕ್ಕೆ ಬಂದದ್ದು ಮುಖ್ಯವಾಗಿ ತೆಗೆದ ಚಿನ್ನದ ಮೇಲೆ ಶೇಕಡಾ 5ರ ರಾಜಧನ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ನೂರೈವತ್ತು ಕಿಲೋಮೀಟರ್ ತಂತಿಯ ಮೇಲೆ ಬಂದದ್ದೂ ಈ ಗಣಿಗಳಿಗಾಗಿಯೇ.

ಆದರೆ ಗಣಿಯ ಲಾಭಾಂಶ ತೆಂಗಿನ ತೋಟದ ಕಾಯಿಯಂತಲ್ಲ. ಮರವನ್ನೇ ಕಡಿದು ಮಾರಿದಂತೆ. ಒಂದು ಔನ್ಸ್ ಚಿನ್ನ ಮೇಲೆ ಬಂದರೆ ಭೂಮಿಯಲ್ಲಿ ಒಂದು ಔನ್ಸ್ ಕಡಿಮೆ. ಕೈಗೆ ಬಂದ ನೂರು ರೂಪಾಯಿಯಲ್ಲಿ ಒಂದು ಪಾಲು ಗಳಿಕೆ, ಇನ್ನೊಂದು ಪಾಲು ನಿಮ್ಮದೇ ಬಂಡವಾಳ ಹಿಂತಿರುಗಿ ಬಂದದ್ದು. ಎಷ್ಟೆಷ್ಟು ಎಂದು ಇಳುವರಿಯ ಅಂಕಿ ಹೇಳುವುದಿಲ್ಲ. ಕಾನೂನೂ ಕೇಳುತ್ತಿರಲಿಲ್ಲ. 1889ರಲ್ಲಿ ನ್ಯೂಷಾಟೆಲ್ ಆಸ್ಫಾಲ್ಟ್ ಕಂಪನಿಯ ಮೊಕದ್ದಮೆಯಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ, ಸವೆದುಹೋಗುವ ಸ್ವತ್ತಿನ ಸವಕಳಿಯನ್ನು ತುಂಬಿಕೊಡದೆಯೂ ಕಂಪನಿ ಲಾಭಾಂಶ ಹಂಚಬಹುದೆಂದು ತೀರ್ಪಿತ್ತಿತು. ಅದಕ್ಕೇ ಗಣಿ ಷೇರುಗಳು ಎಂದೂ ಹೆಚ್ಚಿನ ಇಳುವರಿಗೆ ಸಿಗುತ್ತಿದ್ದವು. ಅದು ಉದಾರತೆಯಲ್ಲ, ಆಯುಷ್ಯದ ಲೆಕ್ಕ. ಅಗೆದಂತೆ ಆಳ ಹೆಚ್ಚಿತು, ಮೂರು ಕಿಲೋಮೀಟರನ್ನೂ ಮೀರಿತು. ಅದಿರಿನ ಸತ್ವ ಇಳಿಯಿತು. ಲಂಡನ್ನಿನ ಷೇರುದಾರರು ತಮ್ಮ ಹಣವನ್ನು ಎಂದೋ ಹಲವು ಪಟ್ಟು ಪಡೆದಾಗಿತ್ತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, ಮುಂದೆ ಅವು ಕೇಂದ್ರದ ಕೈಗೆ ಹೋದವು, 2001ರ ಫೆಬ್ರವರಿ 28ರಂದು ಮುಚ್ಚಿದವು. ಬರಿದಾದ ಗಣಿಯ ಕಷ್ಟ ಹೊತ್ತವರು ಲಾಭಾಂಶ ಕಾಣದ ಕೆ.ಜಿ.ಎಫ್‌ನ ಕಾರ್ಮಿಕ ಕುಟುಂಬಗಳು.

ಹೀಗಾಗಿ ದೀರ್ಘಕಾಲದ ಹೂಡಿಕೆದಾರ ಇಳುವರಿಯ ಜೊತೆಗೇ ಇನ್ನೊಂದು ಅಂಕಿಯನ್ನು ನೋಡುತ್ತಾನೆ: ಕಂಪನಿ ತನ್ನ ಲಾಭದಲ್ಲಿ ಎಷ್ಟು ಪಾಲನ್ನು ಹಂಚುತ್ತಿದೆ ಎಂಬುದು. ನೂರು ಗಳಿಸಿ ನಲವತ್ತು ಹಂಚುವ ಕಂಪನಿಗೆ ಕೆಟ್ಟ ವರ್ಷವೊಂದನ್ನು ದಾಟುವ ತ್ರಾಣವಿದೆ. ನೂರು ಗಳಿಸಿ ನೂರಹತ್ತು ಹಂಚುವ ಕಂಪನಿಯ ಇಳುವರಿ ಎಷ್ಟೇ ಆಕರ್ಷಕವಾಗಿರಲಿ, ಅದು ಡಚ್ಚರ ದಾರಿ.

ಐವತ್ತು ವರ್ಷ ಕಾಯಿಸಿದ ನಿಯಮ

ಇಪ್ಪತ್ತನೆಯ ಶತಮಾನದ ಮೊದಲರ್ಧದ ಅಮೆರಿಕದಲ್ಲಿ ಇಳುವರಿಗೆ ಬಹುಮಟ್ಟಿಗೆ ಒಂದೇ ಉಪಯೋಗವಿತ್ತು: ಸಾಲಪತ್ರದ ಬಡ್ಡಿಯೊಡನೆ ಹೋಲಿಸುವುದು. ಸಾಲಪತ್ರದ ಬಡ್ಡಿ ನಿಶ್ಚಿತ, ಷೇರಿನ ಲಾಭಾಂಶ ಅನಿಶ್ಚಿತ. ಅನಿಶ್ಚಿತವಾದದ್ದು ಹೆಚ್ಚು ಕೊಡಬೇಕಲ್ಲವೇ? ಆದ್ದರಿಂದ ಷೇರಿನ ಇಳುವರಿ ಸಾಲಪತ್ರದ ಇಳುವರಿಗಿಂತ ಮೇಲಿರುವುದೇ ಪ್ರಕೃತಿ ನಿಯಮವೆಂದು ಜನ ನಂಬಿದ್ದರು. ಕೆಳಗಿಳಿದರೆ ಷೇರು ಅತಿಯಾಗಿ ದುಬಾರಿಯಾಗಿದೆ, ಮಾರಿ ಹೊರಬರಬೇಕು. 1929ರಲ್ಲಿ ಹಾಗೆಯೇ ಆಯಿತು: ಇಳುವರಿ ಬಾಂಡುಗಳಿಗಿಂತ ಕೆಳಗೆ ಜಾರಿತ್ತು, ಹಿಂದೆಯೇ ಮಹಾ ಕುಸಿತ ಬಂತು. 1932ರ ತಳದಲ್ಲಿ ಇಳುವರಿ ಶೇಕಡಾ 10ನ್ನು ದಾಟಿತ್ತು. ನಿಯಮಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಈ ನಂಬಿಕೆಗೆ ತಕರಾರು ತೆಗೆದವರು ಇರಲಿಲ್ಲವೆಂದಲ್ಲ. 1924ರಲ್ಲಿ ಎಡ್ಗರ್ ಲಾರೆನ್ಸ್ ಸ್ಮಿತ್ ಎಂಬಾತ ಬಾಂಡುಗಳೇ ದೀರ್ಘಕಾಲಕ್ಕೆ ಮೇಲು ಎಂದು ಸಾಧಿಸಲು ಹೊರಟು, ಅಂಕಿಅಂಶಗಳು ಎದುರು ಸಾಕ್ಷಿ ನುಡಿದಾಗ ಪ್ರಾಮಾಣಿಕವಾಗಿ ಅದನ್ನೇ ಪುಸ್ತಕ ಮಾಡಿದ. ಮರುವರ್ಷ ಅದನ್ನು ವಿಮರ್ಶಿಸಿದ ಅರ್ಥಶಾಸ್ತ್ರಜ್ಞ ಕೇನ್ಸ್ ಕಾರಣದ ಮೇಲೆ ಬೆರಳಿಟ್ಟರು: ಒಳ್ಳೆಯ ಕಂಪನಿ ಲಾಭವನ್ನೆಲ್ಲ ಹಂಚುವುದಿಲ್ಲ, ಒಂದಿಷ್ಟನ್ನು ಉಳಿಸಿ ಮತ್ತೆ ಬಿತ್ತುತ್ತದೆ. ಬಿತ್ತಿದ್ದು ಚಕ್ರಬಡ್ಡಿಯಂತೆ ಬೆಳೆಯುತ್ತದೆ. 1938ರಲ್ಲಿ ಜಾನ್ ಬರ್ ವಿಲಿಯಮ್ಸ್, ಷೇರಿನ ಬೆಲೆಯೆಂದರೆ ಅದು ಮುಂದೆ ಕೊಡಲಿರುವ ಎಲ್ಲ ಲಾಭಾಂಶಗಳ ಇಂದಿನ ಮೌಲ್ಯ ಎಂದು ವಾದಿಸಿದರು. ಅದೇ ವರ್ಷ ಆಲ್ಫ್ರೆಡ್ ಕೌಲ್ಸ್ ಅವರ ತಂಡ 1871ರಿಂದ ಆಚೆಗಿನ ಅಮೆರಿಕದ ಷೇರು ಬೆಲೆಗಳ ಜೊತೆಗೆ ಲಾಭಾಂಶಗಳನ್ನೂ ಒಟ್ಟುಮಾಡಿ ಪ್ರಕಟಿಸಿತು. ಕಂಪ್ಯೂಟರಿಲ್ಲದ ಕಾಲದಲ್ಲಿ ಅದೊಂದು ಭಗೀರಥ ಪ್ರಯತ್ನವೇ. ಬೆಲೆ ಸೂಚ್ಯಂಕ ಅರ್ಧ ಕಥೆ ಮಾತ್ರ ಹೇಳುತ್ತದೆಂಬುದು ಅದರಿಂದ ಸ್ಪಷ್ಟವಾಯಿತು. ನಮ್ಮ ಸೆನ್ಸೆಕ್ಸ್ ಕೂಡ ಬೆಲೆಯನ್ನಷ್ಟೇ ಎಣಿಸುತ್ತದೆ. ಮ್ಯೂಚುವಲ್ ಫಂಡುಗಳು ತಮ್ಮ ಸಾಧನೆಯನ್ನು ಲಾಭಾಂಶ ಸೇರಿದ ಸೂಚ್ಯಂಕದೊಡನೆ ಹೋಲಿಸಬೇಕೆಂಬ ನಿಯಮ ಇಲ್ಲಿ ಬಂದದ್ದು 2018ರಲ್ಲಿ.

ಇಷ್ಟೆಲ್ಲ ಬರೆದಿದ್ದರೂ ಪೇಟೆಯ ನಂಬಿಕೆ ಅಲುಗಲಿಲ್ಲ. 1950ರ ಆರಂಭದಲ್ಲಿ ಷೇರಿನ ಇಳುವರಿ ಶೇಕಡಾ 7ರ ಹತ್ತಿರ, ಸರ್ಕಾರಿ ಬಾಂಡಿನದು ಮೂರಕ್ಕೂ ಕಡಿಮೆ. ಆನಂತರ ಷೇರು ಬೆಲೆ ಏರುತ್ತ ಹೋಯಿತು, ಇಳುವರಿ ಇಳಿಯುತ್ತ ಬಂತು. 1958ರಲ್ಲಿ, ಎರಡೂ ಶೇಕಡಾ 4ರೊಳಗೆ ಇದ್ದಾಗ, ಗೆರೆಗಳು ಒಂದನ್ನೊಂದು ದಾಟಿದವು. ಆಗ ನ್ಯೂಯಾರ್ಕಿನಲ್ಲಿ ಹೂಡಿಕೆ ಸಲಹೆಗಾರರಾಗಿದ್ದ ಪೀಟರ್ ಬರ್ನ್‌ಸ್ಟೀನ್ ಮುಂದೆ ಬರೆದಿರುವಂತೆ, ಪೇಟೆಯಲ್ಲಿ ಪಳಗಿದ ಹಿರಿಯ ಪಾಲುದಾರರು ಇದೊಂದು ತಾತ್ಕಾಲಿಕ ವೈಪರೀತ್ಯ, ಬೇಗನೆ ಸರಿಹೋಗುತ್ತದೆ ಎಂದು ಭರವಸೆ ಕೊಟ್ಟರು. ಅವರ ಬಳಿ ತಲೆಮಾರುಗಳ ಅನುಭವವಿತ್ತು, 1929ರ ಗಾಯವಿತ್ತು.

ಆದರೆ ಆ ಗೆರೆಗಳು ಮತ್ತೆ ದಾಟಲಿಲ್ಲ, ಅರ್ಧ ಶತಮಾನ! ನಿಯಮವನ್ನು ನೆಚ್ಚಿ ಷೇರು ಮಾರಿ, ಅವು ಅಗ್ಗವಾಗಲಿ ಎಂದು ಕಾದು ಕುಳಿತವರು ಕಾಯುತ್ತಲೇ ಮುದುಕರಾದರು. ಹೋಲಿಕೆಯ ಒಂದು ಬದಿಯಲ್ಲಿ ಏನೋ ಬದಲಾಗಿತ್ತು, ಅದನ್ನವರು ಗಮನಿಸಲಿಲ್ಲ. ಯುದ್ಧಾನಂತರ ಹಣದುಬ್ಬರ ಶಾಶ್ವತ ಅತಿಥಿಯಾಯಿತು. ಬಾಂಡಿನ ನಾಲ್ಕು ರೂಪಾಯಿ ಬಡ್ಡಿ ಇಪ್ಪತ್ತು ವರ್ಷದ ಮೇಲೂ ನಾಲ್ಕೇ. ಕೊಳ್ಳುವ ಶಕ್ತಿ ಮಾತ್ರ ಕರಗಿರುತ್ತದೆ. ಷೇರಿನ ಮೂರು ರೂಪಾಯಿ ಲಾಭಾಂಶ ವರ್ಷಕ್ಕೆ ಶೇಕಡಾ 5ರಂತೆ ಬೆಳೆದರೂ ಆರನೆಯ ವರ್ಷಕ್ಕೆ ನಾಲ್ಕನ್ನು ದಾಟುತ್ತದೆ, ಹದಿನೈದು ವರ್ಷಕ್ಕೆ ಆರನ್ನು ಮೀರುತ್ತದೆ. ಬೆಳೆಯುವ ಮೂರಕ್ಕೂ ನಿಂತ ನಾಲ್ಕಕ್ಕೂ ಇರುವ ವ್ಯತ್ಯಾಸವನ್ನು ಬ್ರಿಟನ್ನಿನ ಜಾರ್ಜ್ ರಾಸ್ ಗೂಬಿ 1947ರಷ್ಟು ಮೊದಲೇ ಕಂಡಿದ್ದರು. ಇಂಪೀರಿಯಲ್ ಟೊಬ್ಯಾಕೊ ಕಂಪನಿಯ ಪಿಂಚಣಿ ನಿಧಿಯನ್ನು ನೋಡಿಕೊಳ್ಳುತ್ತಿದ್ದ ಅವರು ಸರ್ಕಾರಿ ಸಾಲಪತ್ರಗಳನ್ನು ಬಿಟ್ಟು ಷೇರುಗಳತ್ತ ತಿರುಗಿದಾಗ ಹುಬ್ಬೇರಿಸಿದವರೇ ಹೆಚ್ಚು. 1959ರಲ್ಲಿ ಬ್ರಿಟನ್ನಿನಲ್ಲೂ ಗೆರೆಗಳು ದಾಟಿದವು.

ಅಮೆರಿಕದ ಇಳುವರಿ ಮುಂದೆ ಇನ್ನೂ ಇಳಿಯಲು ಬೇರೊಂದು ಕಾರಣವೂ ಸೇರಿಕೊಂಡಿತು. 1982ರ ನಿಯಮವೊಂದರಿಂದ ಕಂಪನಿಗಳು ತಮ್ಮ ಷೇರುಗಳನ್ನೇ ಪೇಟೆಯಿಂದ ಮರಳಿ ಕೊಳ್ಳುವುದು ಸಲೀಸಾಯಿತು. ಷೇರುದಾರರಿಗೆ ಹಣ ಹಿಂತಿರುಗಿಸುವ ಈ ಹೊಸ ದಾರಿ ಲಾಭಾಂಶದ ಲೆಕ್ಕದಲ್ಲಿ ಕಾಣುವುದಿಲ್ಲ. 2000ದ ಹೊತ್ತಿಗೆ ಇಳುವರಿ ಶೇಕಡಾ ಒಂದಕ್ಕಿಂತ ತುಸು ಮೇಲಷ್ಟೇ ಇತ್ತು. ಹಳೆಯ ಕಾಲದ ಐದಾರರೊಡನೆ ಅದನ್ನು ನೇರವಾಗಿ ಹೋಲಿಸಿದರೆ ತಪ್ಪಾಗುತ್ತದೆ. ಹಾಗೆಂದು ಆ ವರ್ಷ ಷೇರು ದುಬಾರಿಯಾಗಿರಲಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ತಪ್ಪು. ಮುಂದಿನ ಎರಡು ವರ್ಷಗಳ ಕುಸಿತ ಅದನ್ನು ತೋರಿಸಿತು.

ಗೆರೆಗಳು ಮತ್ತೆ ಸಂಧಿಸಿದ್ದು 2008ರ ನವೆಂಬರಿನಲ್ಲಿ, ಬ್ಯಾಂಕುಗಳು ಉರುಳುತ್ತಿದ್ದಾಗ. ಷೇರು ಬೆಲೆ ಕುಸಿದು, ಅಮೆರಿಕದ ಐನೂರು ದೊಡ್ಡ ಕಂಪನಿಗಳ ಸರಾಸರಿ ಇಳುವರಿ ಹತ್ತು ವರ್ಷದ ಸರ್ಕಾರಿ ಬಾಂಡಿನ ಇಳುವರಿಯನ್ನು ಮೀರಿತು. 1958ರ ಹಿರಿಯರು ಬದುಕಿದ್ದರೆ ಕೊಳ್ಳಲು ಓಡುತ್ತಿದ್ದರೇನೋ. ಆದರೆ ಅಂದಿನ ಇಳುವರಿಯ ಮೇಲಿನ ಅಂಕಿ ಹಿಂದಿನ ವರ್ಷದ್ದು, ಕೆಳಗಿನದು ಅಂದಿನದು. ಬೆಲೆ ಅರ್ಧವಾದರೆ ಇಳುವರಿ ತಾನಾಗಿ ಇಮ್ಮಡಿಯಾಗುತ್ತದೆ. ಕಂಪನಿ ಅಷ್ಟನ್ನು ಮುಂದೆಯೂ ಕೊಡುತ್ತದೆಯೇ ಎಂಬ ಸಂಶಯದಿಂದಲೇ ಬೆಲೆ ಅರ್ಧವಾಗಿರುತ್ತದೆ. ಸಿಟಿಗ್ರೂಪ್ ಬ್ಯಾಂಕಿನ ತ್ರೈಮಾಸಿಕ ಲಾಭಾಂಶ ಒಂದು ಸೆಂಟಿಗೆ ಇಳಿಯಿತು. 1938ರಿಂದ ಒಮ್ಮೆಯೂ ಲಾಭಾಂಶಕ್ಕೆ ಕತ್ತರಿ ಹಾಕದಿದ್ದ, ನಿವೃತ್ತರ ಮನೆಗಳಲ್ಲಿ ಪಿಂಚಣಿಯಷ್ಟೇ ಭದ್ರವೆಂದು ಎಣಿಸಲಾಗಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿ 2009ರ ಫೆಬ್ರವರಿಯಲ್ಲಿ ತನ್ನ ಮೂರು ತಿಂಗಳ ಲಾಭಾಂಶವನ್ನು 31 ಸೆಂಟಿನಿಂದ 10 ಸೆಂಟಿಗೆ ಇಳಿಸಿತು.